ಜಹಾಜಿ ಭಾಯಿಗಳ ನಾಡಿನಲ್ಲಿ ಒಂದು ದಿನ

ವೆಸ್ಟ್ ಇಂಡೀಸ್ ಎಂದರೆ ನಮ್ಮ ಪೀಳಿಗೆಯವರಿಗೆ ಮೊದಲು ನೆನಪಾಗುವುದು ಕ್ರಿಕೆಟ್. 1976ರಲ್ಲಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾನೂರಕ್ಕೂ ಹೆಚ್ಚು ರನ್ ಬೆನ್ನಟ್ಟಿ ಗೆದ್ದಾಗ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 112 ರನ್ ಹೊಡೆದಿದ್ದರು. ಅದೇ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲಿ ಚಂದ್ರಶೇಖರ್ ಆರು ವಿಕೆಟ್ ಕಿತ್ತಿದ್ದರು. ಆ ಮೈದಾನದಲ್ಲಿ ಭಾರತಕ್ಕಾಗಿ ಚಪ್ಪಾಳೆ ತಟ್ಟುವವರೂ ಬಹಳ ಮಂದಿ ಇದ್ದರು ಎಂದು ಆಗ ಓದಿದ್ದೆವು. ಅವರೆಲ್ಲ ಯಾರು, ಅಷ್ಟು ದೂರದ ದ್ವೀಪಕ್ಕೆ ಹೇಗೆ ಹೋದರು ಎಂದು ವಿಚಾರಿಸಲು ಮಾತ್ರ ನಮಗೆ ಇಷ್ಟು ವರ್ಷ ಬೇಕಾಯಿತು.

ಕೆನಡಾದಲ್ಲಿರುವ ಮಗನ ಮನೆಗೆ ಹೋಗಿದ್ದ ನಾವು ದಂಪತಿ ಅಲ್ಲಿಂದ ನಾಲ್ಕು ದಿನದ ಮಟ್ಟಿಗೆ ಟ್ರಿನಿಡಾಡ್‌ಗೆ ಹೋದೆವು. ಕೆರಿಬಿಯನ್ ದ್ವೀಪಗಳಿಗೆ ಹೋಗುವವರೆಲ್ಲ ಸಮುದ್ರ ತೀರದಲ್ಲಿ ಮೈಚಾಚಿ ಮಲಗಲು ಹೋಗುತ್ತಾರೆ. ಆ ವಯಸ್ಸೂ ನಮ್ಮದಲ್ಲ, ಆ ಅಭ್ಯಾಸವೂ ನಮಗಿಲ್ಲ. ಅದಕ್ಕೇ ಒಂದು ದಿನದ ‘ಸಾಂಸ್ಕೃತಿಕ ಪ್ರವಾಸ’ಕ್ಕೆ ಹೆಸರು ಕೊಟ್ಟೆವು. ಒಂದು ವ್ಯಾನು, ಏಳು ಜನ ಪ್ರವಾಸಿಗರು, ಒಬ್ಬ ಮಾರ್ಗದರ್ಶಿ. ನಮ್ಮ ಜೊತೆ ಇಂಗ್ಲೆಂಡಿನ ಒಂದು ಜೋಡಿ, ಅಮೆರಿಕದಿಂದ ಬಂದಿದ್ದ ಕರಿಯ ಜನಾಂಗದ ಒಬ್ಬ ಶಿಕ್ಷಕಿ, ಮತ್ತು ಟೊರಾಂಟೊದಲ್ಲಿ ಹುಟ್ಟಿ ಬೆಳೆದು ತಾಯಿಯ ಊರನ್ನು ಮೊದಲ ಬಾರಿ ನೋಡಲು ಬಂದಿದ್ದ ಅಣ್ಣ ತಂಗಿ. ಮಾರ್ಗದರ್ಶಿ ಆಫ್ರಿಕನ್ ಮೂಲದ ಮಹಿಳೆ, ನಿವೃತ್ತ ಶಾಲಾ ಶಿಕ್ಷಕಿ. ವ್ಯಾನು ಹೊರಡುವ ಮೊದಲೇ ಅವರು ಪಾಠ ಶುರು ಮಾಡಿಬಿಟ್ಟರು. “ಮೊದಲು ನಮ್ಮವರನ್ನು ಸರಪಳಿ ಹಾಕಿ ತಂದರು. 1838ರ ಆಗಸ್ಟ್ 1ರಂದು ನಮ್ಮವರಿಗೆ ಪೂರ್ತಿ ಬಿಡುಗಡೆಯಾಯಿತು. ಕಬ್ಬಿನ ಗದ್ದೆಗೆ ಕೂಲಿಗಳು ಬೇಕಲ್ಲ? ಏಳು ವರ್ಷದಲ್ಲಿ ನಿಮ್ಮವರನ್ನು ತಂದರು.” ನಮ್ಮ ಕಡೆ ಕೈ ತೋರಿಸಿ ‘ನಿಮ್ಮವರು’ ಎಂದಾಗ ವ್ಯಾನಿನಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದರು.

ಮೊದಲ ಹಡಗು ‘ಫತೆಲ್ ರಝಾಕ್’ ಕಲ್ಕತ್ತೆಯಿಂದ ಹೊರಟು ಸುಮಾರು 225 ಜನರನ್ನು ಹೊತ್ತು 1845ರ ಮೇ 30ರಂದು ಅಲ್ಲಿ ತಲುಪಿತು. 1917ರಲ್ಲಿ ಈ ವ್ಯವಸ್ಥೆ ನಿಲ್ಲುವ ಹೊತ್ತಿಗೆ ಬಂದವರ ಸಂಖ್ಯೆ ಒಂದು ಲಕ್ಷ ನಲವತ್ತು ಸಾವಿರ ದಾಟಿತ್ತು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಭೋಜಪುರಿ ಸೀಮೆಯವರು. ಮದರಾಸು ಬಂದರಿನಿಂದ ಹೋದವರೂ ಒಂದಿಷ್ಟು ಮಂದಿ. ಐದು ವರ್ಷದ ಕರಾರು, ದಿನಕ್ಕೆ ಸುಮಾರು 25 ಸೆಂಟ್ ಕೂಲಿ. ತೋಟ ಬಿಟ್ಟು ಹೊರಗೆ ಹೋಗಬೇಕಾದರೆ ಚೀಟಿ ಬೇಕು. ಚೀಟಿ ಇಲ್ಲದೆ ರಸ್ತೆಯಲ್ಲಿ ಸಿಕ್ಕಿಬಿದ್ದರೆ ಜೈಲು. ಒಂದೇ ಹಡಗಿನಲ್ಲಿ ಬಂದವರು ಪರಸ್ಪರ ‘ಜಹಾಜಿ ಭಾಯಿ’, ‘ಜಹಾಜಿ ಬೆಹೆನ್’ ಆದರು. ಜಾತಿ, ಮತ, ಊರು ಯಾವುದೂ ಈ ನೆಂಟಸ್ತಿಕೆಗೆ ಅಡ್ಡ ಬರಲಿಲ್ಲ. ಅಣ್ಣ ತಮ್ಮಂದಿರಿಗಿಂತ ಹೆಚ್ಚಾಗಿ ಅದನ್ನು ನಡೆಸಿಕೊಂಡು ಬಂದವರಿದ್ದರಂತೆ.

“ಆದರೆ ಅವರು ಕರಾರಿಗೆ ಒಪ್ಪಿ ತಾನೇ ಬಂದದ್ದು?” ಎಂದು ಇಂಗ್ಲೆಂಡಿನವರು ಕೇಳಿದರು. ಕೇಳಿದ್ದರಲ್ಲಿ ಕುಹಕವಿರಲಿಲ್ಲ. ನಮ್ಮ ಶಿಕ್ಷಕಿಯಮ್ಮ ಹೇಳಿದರು: “ಹಸಿದವನು ಹೆಬ್ಬೆಟ್ಟು ಒತ್ತಿದ. ಕಾಗದದಲ್ಲಿ ಏನಿದೆ ಎಂದು ಓದಿ ಹೇಳಿದವನು ಕಮಿಷನ್ ಏಜೆಂಟ್. ಇದನ್ನು ಒಪ್ಪಿಗೆ ಎನ್ನುವುದಾದರೆ ಒಪ್ಪಿಗೆ ಎನ್ನಿ.” ಮುಂದೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಬೆಳಗಿನ ತಿಂಡಿ ರಸ್ತೆ ಬದಿಯಲ್ಲಿ. ಅರಿಶಿನ ಹಾಕಿ ಕರಿದ ಎರಡು ಮೆತ್ತಗಿನ ‘ಬರಾ’, ಅದರ ಮೇಲೆ ಕಡಲೆಕಾಳಿನ ಪಲ್ಯ, ಹುಣಸೆಹಣ್ಣಿನ ಚಟ್ನಿ, ಖಾರ. ಇದಕ್ಕೆ ‘ಡಬಲ್ಸ್’ ಎಂದು ಹೆಸರು. ಟ್ರಿನಿಡಾಡ್‌ನವರಿಗೆ ಇದು ನಮ್ಮ ಇಡ್ಲಿ ಇದ್ದ ಹಾಗೆ. ಮಂತ್ರಿಯೂ ಕೂಲಿಯೂ ಒಂದೇ ಸಾಲಿನಲ್ಲಿ ನಿಂತು ತಿನ್ನುತ್ತಾರೆ. 1936ರಲ್ಲಿ ಪ್ರಿನ್ಸಸ್ ಟೌನ್ ಎಂಬಲ್ಲಿ ಇದನ್ನು ಮೊದಲು ಮಾರಿದವರು ಇಮಾಮುಲ್ ದೀನ್ ಎಂಬ ಮುಸ್ಲಿಮರು. ಮೊದಲು ಒಂದೇ ಬರಾ ಕೊಡುತ್ತಿದ್ದರಂತೆ. ಗಿರಾಕಿಗಳು “ಡಬಲ್ ಮಾಡು” ಎನ್ನತೊಡಗಿ ಆ ಹೆಸರು ನಿಂತಿತು. ಇಂದು ಅದು ಹಿಂದೂಗಳದೂ ಅಲ್ಲ, ಮುಸ್ಲಿಮರದೂ ಅಲ್ಲ, ಇಡೀ ದೇಶದ ತಿಂಡಿ. ಕಾಗದದಲ್ಲಿ ಸುತ್ತಿಕೊಟ್ಟದ್ದನ್ನು ಚಮಚವಿಲ್ಲದೆ ತಿಂದು ಮುಗಿಸಲು ನಾವು ಪಟ್ಟ ಪಾಡು ನೋಡಿ ಅಂಗಡಿಯವನು ಇನ್ನೊಂದನ್ನು ಪುಕ್ಕಟೆ ಕೊಟ್ಟ.

ಅಲ್ಲಿಂದ ಸೇಂಟ್ ಜೇಮ್ಸ್ ಬಡಾವಣೆ. ಬಾಂಬೆ ಸ್ಟ್ರೀಟ್, ಕಲ್ಕತ್ತಾ ಸ್ಟ್ರೀಟ್, ಮದ್ರಾಸ್ ಸ್ಟ್ರೀಟ್, ಲಕ್ನೋ ಸ್ಟ್ರೀಟ್! ಇದು ಮುಹರ್ರಮ್ ನಡೆಯುವ ಕೇರಿ. ಹುಸೇನರ ಹೆಸರು ಜನರ ಬಾಯಲ್ಲಿ ‘ಹೋಸೆ’ ಆಗಿದೆ, ತಾಜಿಯಾ ‘ತಾಜಾ’ ಆಗಿದೆ. ಬಿದಿರು, ಬಣ್ಣದ ಕಾಗದ, ಥರ್ಮಕೋಲ್‌ಗಳಿಂದ ಆಳೆತ್ತರ ಮೀರಿದ ತಾಜಿಯಾಗಳನ್ನು ಕಟ್ಟುವ ಮನೆತನಗಳು ಇಲ್ಲಿವೆ. ಮಣ್ಣಿನ ಕುಂಡಕ್ಕೆ ಆಡಿನ ಚರ್ಮ ಬಿಗಿದು ಬೆಂಕಿಗೆ ಹಿಡಿದು ಕಾಯಿಸುವ ‘ತಾಸಾ’ ಈಗ ಹಿಂದೂಗಳ ಮದುವೆಯಲ್ಲೂ ಬೇಕೇ ಬೇಕು. ಅಲ್ಲಿನ ಅನೇಕ ಮುಸ್ಲಿಂ ಸಂಘಟನೆಗಳು ಹೋಸೆಯನ್ನು ಒಪ್ಪುವುದಿಲ್ಲ, ಅದು ಧರ್ಮಸಮ್ಮತವಲ್ಲ ಎನ್ನುತ್ತವೆ. ಆ ಚರ್ಚೆ ನಮಗೂ ಹೊಸತಲ್ಲ. ಆದರೆ ಮುದಗಲ್ಲಿನ ಮುಹರ್ರಮ್ ನೋಡಿದ, ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಯಲ್ಲೂ ಅಲಾಯಿ ಕುಣಿ ತೋಡಿ ಹೆಜ್ಜೆ ಹಾಕುವ ಉತ್ತರ ಕರ್ನಾಟಕದ ರೈತರನ್ನು ನೋಡಿದ ನಮಗೆ, ಅಲ್ಲಿ ಬೇರೆ ದೇಶದಲ್ಲಿದ್ದೇವೆ ಎನ್ನಿಸಲಿಲ್ಲ.

ಸೇಂಟ್ ಜೋಸೆಫ್‌ನಲ್ಲಿ 1954ರ ಒಂದು ಸುಂದರ ಮಸೀದಿ ಇದೆ, ಅದಕ್ಕೆ ಜಿನ್ನಾ ಅವರ ಹೆಸರು. ಆ ಹೆಸರು ಕೇಳಿ ನಾವು ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು. ಆ ಜನರ ಹಿರಿಯರು ಹಡಗು ಹತ್ತಿದ ಕಾಲದಲ್ಲಿ ಪಾಕಿಸ್ತಾನ ಎಂಬ ಪದವೇ ಹುಟ್ಟಿರಲಿಲ್ಲ. ನಮ್ಮಲ್ಲಿ ಮನೆ ಮನೆಯನ್ನು ಸುಟ್ಟ ಹೆಸರುಗಳು ಸಾವಿರಾರು ಮೈಲಿ ದೂರದಲ್ಲಿ ಕಲ್ಲಿನ ಮೇಲಿನ ಅಕ್ಷರಗಳಾಗಿ ತಣ್ಣಗೆ ಕೂತಿರುತ್ತವೆ. ದ್ವೀಪದ ಮೊದಲ ಮುಸ್ಲಿಮರು ಭಾರತೀಯರಲ್ಲ ಎಂಬುದೂ ಅಲ್ಲಿಯೇ ತಿಳಿಯಿತು. ಆಫ್ರಿಕಾದಿಂದ ಗುಲಾಮರಾಗಿ ಬಂದ ಮ್ಯಾಂಡಿಂಗೊ ಜನ ಅವರಿಗಿಂತ ಮೊದಲೇ ಇದ್ದರು. ಜೋನಾಸ್ ಮೊಹಮ್ಮದ್ ಬಾತ್ ಎಂಬವರ ಮುಂದಾಳುತನದಲ್ಲಿ ಹಣ ಕೂಡಿಸಿ ತಮ್ಮವರನ್ನು ಗುಲಾಮಗಿರಿಯಿಂದ ಬಿಡಿಸಿಕೊಂಡರು. ನಮ್ಮನ್ನು ಆಫ್ರಿಕಾಕ್ಕೆ ಮರಳಿ ಕಳಿಸಿ ಎಂದು 1830ರ ದಶಕದಲ್ಲಿ ಬ್ರಿಟಿಷ್ ಸರಕಾರಕ್ಕೆ ಅರ್ಜಿಯನ್ನೂ ಹಾಕಿದರು. ಅಮೆರಿಕದ ಶಿಕ್ಷಕಿ ಅದನ್ನು ಕೇಳಿ ತನ್ನ ಪುಸ್ತಕದಲ್ಲಿ ಬಹಳ ಹೊತ್ತು ಬರೆದುಕೊಳ್ಳುತ್ತಿದ್ದರು.

ದಕ್ಷಿಣಕ್ಕೆ ಹೊರಟರೆ ಕರೋನಿಯ ಬಯಲು. ಒಂದು ಕಾಲದಲ್ಲಿ ಕಣ್ಣು ಹಾಯುವಷ್ಟು ದೂರ ಕಬ್ಬು. 2003ರಲ್ಲಿ ಸರಕಾರಿ ಸಕ್ಕರೆ ಕಂಪನಿಯನ್ನು ಮುಚ್ಚಿ ಸಾವಿರಾರು ಕಾರ್ಮಿಕರನ್ನು ಮನೆಗೆ ಕಳಿಸಿದರು. ಯಾವ ಕಬ್ಬಿಗಾಗಿ ಇಷ್ಟು ಜನರನ್ನು ಸಮುದ್ರ ದಾಟಿಸಿದರೋ ಆ ಕಬ್ಬೇ ಹೋಯಿತು, ಜನ ಉಳಿದರು.

ವಾಟರ್‌ಲೂ ಎಂಬಲ್ಲಿ ಸಮುದ್ರದೊಳಗೆ ಒಂದು ದೇವಸ್ಥಾನವಿದೆ. ಸಿವದಾಸ್ ಸಾಧು ಎಂಬ ಕಬ್ಬಿನ ಕೂಲಿಯಾಳು 1947ರಲ್ಲಿ ದಡದ ಮೇಲೆ ಒಂದು ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದು. ಗುಡಿಯನ್ನು ಕೆಡವಿದರು, ಸಾಧುವನ್ನು 14 ದಿನ ಜೈಲಿಗೆ ಹಾಕಿದರು. ಹೊರಬಂದ ಸಾಧು, ನೆಲ ನಿಮ್ಮದಾದರೆ ಸಮುದ್ರ ಯಾರದೂ ಅಲ್ಲವಲ್ಲ ಎಂದು, ಸೈಕಲ್ ಮೇಲೆ ಕಲ್ಲು ಮಣ್ಣು ಹೊತ್ತು ತಂದು ನೀರಿನಲ್ಲೇ ಕಟ್ಟತೊಡಗಿದರು. ಸುಮಾರು ಕಾಲು ಶತಮಾನ ಒಂಟಿಯಾಗಿ ದುಡಿದು 1971ರಲ್ಲಿ ತೀರಿಕೊಂಡರು. 1995ರಲ್ಲಿ ಸರಕಾರವೇ ಅದನ್ನು ಪುನಃ ಕಟ್ಟಿಸಿತು. ಆರಾಧನೆಯ ಜಾಗಕ್ಕಾಗಿ ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಈ ಮನುಷ್ಯನ ಹಟ ಬೇಗ ಅರ್ಥವಾಗುತ್ತದೆ. ಆತ ಹಿಂದೂ, ನಾವು ಮುಸ್ಲಿಮರು ಎಂಬುದು ಅಲ್ಲಿ ನಿಂತಾಗ ನೆನಪಿಗೂ ಬರಲಿಲ್ಲ.

ಹತ್ತಿರದಲ್ಲೇ ಕಾರಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತನ ಮೂರ್ತಿ, ದತ್ತಾತ್ರೇಯ ದೇವಸ್ಥಾನ. ಇದು ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮಕ್ಕೆ ಸೇರಿದ್ದು. “ಮೈಸೂರು ನಿಮಗೆ ಗೊತ್ತೇ?” ಎಂದು ಅಲ್ಲಿದ್ದವರೊಬ್ಬರು ಕೇಳಿದಾಗ ನಮಗೆ ಬೀಗರ ಮನೆಗೆ ಬಂದಷ್ಟು ಸಂತೋಷವಾಯಿತು.

ಮಧ್ಯಾಹ್ನದ ಊಟ ಒಂದು ಮನೆಯಲ್ಲಿ. ಇಂಥ ಸಣ್ಣ ಪ್ರವಾಸಗಳ ಒಳ್ಳೆಯ ಗುಣ ಇದು. ನಲವತ್ತು ಜನರ ಬಸ್ಸಾಗಿದ್ದರೆ ಯಾರ ಅಂಗಳದಲ್ಲೂ ನಿಲ್ಲಲು ಆಗುತ್ತಿರಲಿಲ್ಲ. ದಾಲ್‌ಪುರಿ, ಕುಂಬಳದ ಪಲ್ಯ, ಮಾವಿನ ಕಾಯಿಯ ಕುಚೇಲಾ. ಮನೆಯ ಯಜಮಾನಿ ಎಂಬತ್ತು ದಾಟಿದ ಮುಸ್ಲಿಂ ಅಜ್ಜಿ. ಅವರಿಗೆ ಹಿಂದಿ, ಉರ್ದು ಯಾವುದೂ ಬಾರದು. ಆದರೂ ಇಂಗ್ಲಿಷಿನ ನಡುವೆ ಆಜಾ, ಆಜಿ, ನಾನಿ, ಮೌಸಿ, ತವಾ, ಬೇಲ್ನಾ, ಜೀರಾ ಎಂಬ ಪದಗಳು ಇಣುಕುತ್ತಿದ್ದವು. ಭಾಷೆ ಸತ್ತರೂ ಅಡುಗೆಮನೆ ಮತ್ತು ನೆಂಟರು ಉಳಿಯುತ್ತಾರೆ ಎಂದುಕೊಂಡೆವು.

ಊಟವಾದ ಮೇಲೆ ಅಜ್ಜಿ ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಹಾಳೆ ತಂದು ನಮ್ಮಿಬ್ಬರ ಮುಂದೆ ಇಟ್ಟರು. ಅವರ ಅಜ್ಜನ ವಲಸೆ ಪಾಸಿನ ನಕಲು. ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಜಾತಿಯ ಕಾಲಂನಲ್ಲಿ ‘ಮುಸಲ್ಮಾನ್’, ಜಿಲ್ಲೆ ಬಸ್ತಿ. ಊರಿನ ಹೆಸರಿನ ಜಾಗದಲ್ಲಿ ಶಾಯಿ ಹರಡಿತ್ತು. ನಾಲ್ಕೈದು ಇಂಗ್ಲಿಷ್ ಅಕ್ಷರ ಮಾತ್ರ ಕಾಣುತ್ತಿದ್ದವು.

“ಬೇಟಾ, ನೀವು ಇಂಡಿಯಾದವರು. ಈ ಊರು ಎಲ್ಲಿದೆ ಹೇಳಿ.”

ನಾವು ದಕ್ಷಿಣದವರು, ಬಸ್ತಿ ನಮ್ಮ ಊರಿನಿಂದ ರೈಲಿನಲ್ಲಿ ಎರಡು ದಿನದ ದಾರಿ ಎಂದೆವು. ಅಜ್ಜಿಗೆ ಅದು ಮುಖ್ಯವಾಗಿ ಕಾಣಲಿಲ್ಲ. ಹಳೆಯ ಬಸ್ತಿ ಜಿಲ್ಲೆಯನ್ನು ಒಡೆದು 1988ರಲ್ಲಿ ಸಿದ್ಧಾರ್ಥನಗರ, 1997ರಲ್ಲಿ ಸಂತ ಕಬೀರ ನಗರ ಮಾಡಿದ್ದಾರೆ, ಊರು ಮೂರರಲ್ಲಿ ಎಲ್ಲಿಯೂ ಇರಬಹುದು ಎಂದು ವಿವರಿಸಿದೆವು. “ಅಂದರೆ ನಾವು ಬಂದ ಜಿಲ್ಲೆಯೂ ಈಗ ಪೂರ್ತಿ ಇಲ್ಲವೇ?” ಎಂದು ಕೇಳಿದರು. 2025ರ ಜುಲೈಯಲ್ಲಿ ಭಾರತದ ಪ್ರಧಾನಿ ಅಲ್ಲಿಗೆ ಹೋಗಿದ್ದಾಗ, ಭಾರತೀಯ ಮೂಲದ ಆರನೇ ತಲೆಮಾರಿನವರಿಗೂ ಸಾಗರೋತ್ತರ ನಾಗರಿಕ ಕಾರ್ಡ್ ಕೊಡುವುದಾಗಿ ಹೇಳಿದ್ದರು. ಮೊಮ್ಮಕ್ಕಳು ಅದಕ್ಕಾಗಿ ಕಾಗದ ಹುಡುಕುತ್ತಿದ್ದಾರಂತೆ. “ನನಗೆ ಕಾರ್ಡ್ ಬೇಡ. ನಾನು ಇಲ್ಲೇ ಹುಟ್ಟಿದವಳು, ಇಲ್ಲೇ ದಫನ್ ಆಗುವವಳು. ಊರಿನ ಹೆಸರು ಸರಿಯಾಗಿ ಉಚ್ಚರಿಸಲು ಬಂದರೆ ಸಾಕು” ಎಂದರು ಅಜ್ಜಿ. ನಾವು ಆ ಹಾಳೆಯ ಫೋಟೋ ತೆಗೆದುಕೊಂಡೆವು. ಬಸ್ತಿಯ ಕಡೆಯ ಒಬ್ಬ ಪರಿಚಿತರಿಗೆ ಕಳಿಸಿದ್ದೇವೆ. ಅವರು ಆ ಅಕ್ಷರಗಳಿಗೆ ಹೊಂದುವ ಮೂರು ಹಳ್ಳಿಗಳ ಹೆಸರು ಬರೆದಿದ್ದಾರೆ. ಮೂರನ್ನೂ ಅಜ್ಜಿಗೆ ಕಳಿಸಿಕೊಟ್ಟೆವು, ಹೇಗೆ ಉಚ್ಚರಿಸಬೇಕೆಂದು ಧ್ವನಿ ಮುದ್ರಿಸಿ.

ಕೊನೆಯ ನಿಲ್ದಾಣ ಸ್ಯಾನ್ ಫೆರ್ನಾಂಡೊ. ನೋಡಲು ಅಲ್ಲಿ ವಿಶೇಷವೇನಿಲ್ಲ. ವಾಹನ ಓಡಾಡುವ ಸಾಮಾನ್ಯ ರಸ್ತೆ. 1884ರಲ್ಲಿ ಸಕ್ಕರೆಯ ಬೆಲೆ ಕುಸಿದು, ಕೂಲಿಗಳ ಮೇಲೆ ಕೆಲಸದ ಹೊರೆ ಹೆಚ್ಚಿ, ತೋಟ ತೋಟಗಳಲ್ಲಿ ಮುಷ್ಕರ ನಡೆದಿತ್ತು. ಹಿಂದೂ, ಮುಸ್ಲಿಂ ಕೂಲಿಗಳು ಒಟ್ಟಾಗಿ ಸಾವಿರಗಟ್ಟಲೆ ಸೇರುವ ಸಂದರ್ಭ ಒಂದೇ, ಮುಹರ್ರಮ್. ಸರಕಾರ ಹೆದರಿತು. ಮೆರವಣಿಗೆ ಪಟ್ಟಣದೊಳಗೆ ಬರಕೂಡದು ಎಂದು ಆಜ್ಞೆ ಹೊರಡಿಸಿತು. ಅದನ್ನು ಹಿಂತೆಗೆದುಕೊಳ್ಳಿ ಎಂಬ ಅರ್ಜಿಗೆ ಹಿಂದೂಗಳೂ ಸಹಿ ಹಾಕಿದ್ದರು, ಸರಕಾರ ಕೇಳಲಿಲ್ಲ. ಅಕ್ಟೋಬರ್ 30ರಂದು ಎಂದಿನಂತೆ ತಾಜಿಯಾ ಹೊತ್ತು ಸಮುದ್ರದ ಕಡೆ ಹೊರಟವರ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆ ಬೇರೆ ಬೇರೆ ಲೆಕ್ಕಗಳಲ್ಲಿ 16ರಿಂದ 22. ಗಾಯಗೊಂಡವರು ನೂರಕ್ಕೂ ಹೆಚ್ಚು. ಸತ್ತವರಲ್ಲಿ ಹಿಂದೂಗಳೂ ಇದ್ದರು. ವಿಚಾರಣೆಗೆ ಬಂದ ಜಮೈಕಾದ ಗವರ್ನರ್ ಸರ್ ಹೆನ್ರಿ ನಾರ್ಮನ್, ಗುಂಡು ಹಾರಿಸಿದ್ದು ಸರಿ ಎಂದೇ ವರದಿ ಕೊಟ್ಟರು.

ಅದನ್ನು ಹೇಳಿ ಮುಗಿಸಿದ ನಮ್ಮ ಶಿಕ್ಷಕಿಯಮ್ಮ, “ಹೋಸೆಯಲ್ಲಿ ನಮ್ಮವರೂ ಡೋಲು ಬಾರಿಸುತ್ತಿದ್ದರು. ಸರಕಾರಕ್ಕೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ ಇರಬೇಕು” ಎಂದರು.

ಇಂದಿನ ಟ್ರಿನಿಡಾಡ್ ಸ್ವರ್ಗವೇನೂ ಅಲ್ಲ. 2011ರ ಜನಗಣತಿಯಂತೆ ಭಾರತೀಯ ಮೂಲದವರು ಶೇ. 35, ಆಫ್ರಿಕನ್ ಮೂಲದವರು ಶೇ. 34. ಚುನಾವಣೆ ಬಂದರೆ ಮತ ಬಹುಮಟ್ಟಿಗೆ ಆ ಗೆರೆಯ ಮೇಲೇ ಒಡೆಯುತ್ತದೆ. ಆದರೂ ಶೇ. 5ರಷ್ಟಿರುವ ಮುಸ್ಲಿಂ ಸಮುದಾಯದ ನೂರ್ ಹಸನಲಿ 1987ರಿಂದ ಹತ್ತು ವರ್ಷ ಆ ದೇಶದ ಅಧ್ಯಕ್ಷರಾಗಿದ್ದರು. ಈದ್ ಮತ್ತು ದೀಪಾವಳಿ ಎರಡಕ್ಕೂ ಇಡೀ ದೇಶಕ್ಕೆ ರಜೆ. ಗುಲಾಮರ ಮರಿಮಗಳೊಬ್ಬಳು ಕೂಲಿಗಳ ಕಥೆಯನ್ನು ತನ್ನದೇ ಮನೆಯ ಕಥೆಯ ಹಾಗೆ ಹೇಳುತ್ತಾಳೆ. ಹುಸೇನರಿಗಾಗಿ ಹೊರಟು ಸತ್ತ ಹಿಂದೂ ಕೂಲಿಯನ್ನೂ, ಕಂಪನಿಯವರು ಕೆಡವಿದ ಸಾಧುವಿನ ಗುಡಿಯನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತಾಳೆ. ನಮ್ಮ ಊರುಗಳಿಗೆ ಬರುವ ಅತಿಥಿಗಳಿಗೆ ಊರು ತೋರಿಸುವಾಗ ನಾವು ಪಕ್ಕದ ಕೇರಿಯವರ ಕಥೆಯನ್ನು ಎಷ್ಟು ಹೇಳುತ್ತೇವೆ? ನಮ್ಮ ಕಥೆಯನ್ನು ಹೇಳುವಷ್ಟು ಅವರಿಗೆ ಗೊತ್ತಿದೆಯೇ? ಅಲಾಯಿ ಕುಣಿಯ ಸುತ್ತ ಕುಣಿದ ರೈತನ ಮೊಮ್ಮಗನನ್ನು ಈಗಲೇ ಹೋಗಿ ಕೇಳಿ ಬರೆದಿಡುವುದು ಒಳ್ಳೆಯದು. ಶಾಯಿ ಹರಡಿದ ಮೇಲೆ ಊರಿನ ಹೆಸರನ್ನು ಹುಡುಕುವುದು ಬಹಳ ಕಷ್ಟ.