ಅಮಾನತ್

ನಮ್ಮ ಅಬ್ಬಾ ಅವರದ್ದು ಚಿಕ್ಕ ಕಿರಾಣಿ ಅಂಗಡಿ. ಸಂಜೆ ಉದ್ರಿ ಪುಸ್ತಕ ಬರೆಯುವುದು ನನ್ನ ಕೆಲಸ. ಪರೀಕ್ಷೆ ಹತ್ತಿರವಿದ್ದ ಒಂದು ರಾತ್ರಿ ನಿದ್ದೆ ಎಳೆಯುತ್ತಿತ್ತು. ಪಕ್ಕದ ಬೀದಿಯ ಖಾಲಾ ಒಯ್ದ ಸಾಮಾನು 70 ರೂಪಾಯಿಯದೋ 170 ರೂಪಾಯಿಯದೋ ನೆನಪಾಗಲಿಲ್ಲ. ಅಂದಾಜಿನಲ್ಲಿ 170 ಎಂದು ಬರೆದೆ. ಅವರು ಒಂದು ಮಾತೂ ಆಡದೆ ಕೊಟ್ಟು ಹೋದರು. ಎರಡು ದಿನದ ನಂತರ ಚೀಟಿ ಸಿಕ್ಕಿತು: 70. ನೂರು ರೂಪಾಯಿ ಹಿಡಿದು ಅವರ ಬಾಗಿಲಿಗೆ ಹೋದಾಗ ನನಗೆ ತಲೆ ಎತ್ತಲು ಆಗಲಿಲ್ಲ. "ಯಾದ್ ನೈ ತೋ ಖಾಲಿ ಛೋಡ್ನಾ ಥಾ" ಎಂದರು ಅಬ್ಬಾ. ನೆನಪಿಲ್ಲದಿದ್ದರೆ ಜಾಗ ಖಾಲಿ ಬಿಡಬೇಕಿತ್ತು.

ಆ ಮಾತು ಮತ್ತೆ ನೆನಪಾದದ್ದು ಇಂಜಿನಿಯರಿಂಗ್ ಓದುವ ಆಪಾಳ ಲ್ಯಾಪ್‌ಟಾಪ್ ಮುಂದೆ. ಅವಳ ಪ್ರಾಜೆಕ್ಟ್ ವೈರ್‌ಲೆಸ್ ಸೆನ್ಸರ್ ಜಾಲದ ಬಗ್ಗೆ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಉಪಕರಣಗಳು ಉಷ್ಣತೆ, ತೇವಾಂಶ ಅಳೆದು ರೇಡಿಯೋ ಮೂಲಕ ಒಂದು ಕಂಪ್ಯೂಟರಿಗೆ ಕಳಿಸುತ್ತವೆ. 2004ರಲ್ಲಿ ಅಮೆರಿಕದ ಬರ್ಕ್ಲಿಯ ಇಂಟೆಲ್ ಪ್ರಯೋಗಾಲಯದಲ್ಲಿ ಇಂಥ 54 ಸೆನ್ಸರ್‌ಗಳನ್ನು ಇಟ್ಟು, ಪ್ರತಿ 31 ಸೆಕೆಂಡಿಗೊಮ್ಮೆ ಅಳತೆ ಸಂಗ್ರಹಿಸಿದ್ದರು. ಆಪಾ ಆ ಪಟ್ಟಿ ತೋರಿಸಿದಳು. ಬ್ಯಾಟರಿ ಕುಗ್ಗಿದಂತೆ ಕೆಲವು ಸೆನ್ಸರ್‌ಗಳು ಕೋಣೆಯ ಉಷ್ಣತೆ 100 ಡಿಗ್ರಿ ದಾಟಿದೆ ಎಂದು ಹೇಳತೊಡಗಿದ್ದವು! ಸುಮ್ಮನಾಗುವ ಬದಲು ಸುಳ್ಳು ಬರೆದಿದ್ದವು. ಥೇಟ್ ನನ್ನ ಹಾಗೆ.

ನಮ್ಮ ಸ್ಟ್ಯಾಟಿಸ್ಟಿಕ್ಸ್ ಪಾಠ ಇಲ್ಲಿ ಉಪಯೋಗಕ್ಕೆ ಬಂತು. ಐದು ಸೆನ್ಸರ್‌ಗಳು 22, 23, 23, 24, 122 ಎಂದರೆ ಸರಾಸರಿ 42.8. ಒಂದೇ ಸುಳ್ಳು ಎಲ್ಲರ ಲೆಕ್ಕ ಕೆಡಿಸಿತು. ಮಧ್ಯಾಂಕ ಮಾತ್ರ 23ರಲ್ಲೇ ನಿಂತಿತು. ಅದಕ್ಕೇ ಅಕ್ಕಪಕ್ಕದ ಸೆನ್ಸರ್ ಜೊತೆ ಹೋಲಿಸಿ ನೋಡುತ್ತಾರೆ. ಅಳತೆಯ ಜೊತೆ ಬ್ಯಾಟರಿಯ ವೋಲ್ಟೇಜನ್ನೂ ತರಿಸುತ್ತಾರೆ. ಹೊರಗಿನವರು ನಕಲಿ ಅಂಕಿ ಸೇರಿಸದಂತೆ ಪ್ರತಿ ಸೆನ್ಸರಿಗೂ ಗುಟ್ಟಿನ ಕೀಲಿ ಕೊಡುತ್ತಾರೆ.

"ಹಾಗಾದರೆ 122 ಅನ್ನು ಅಳಿಸಿಬಿಡು" ಎಂದೆ. ಆಪಾ ಒಪ್ಪಲಿಲ್ಲ. "ಆ ಒಂದು ಮೂಲೆಯಲ್ಲಿ ನಿಜವಾಗಿ ಬೆಂಕಿ ಬಿದ್ದಿದ್ದರೆ? ಗುರುತು ಹಾಕಿಡು, ಪರೀಕ್ಷಿಸು, ಆಮೇಲೆ ತೀರ್ಮಾನಿಸು" ಎಂದಳು.

ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ನಮ್ಮ ಕೈಗೆ ಒಪ್ಪಿಸಿದ್ದು. ಕನ್ನಡ ಪತ್ರಿಕೆಗಳಲ್ಲಿ ಅಮಾನತು ಎಂದರೆ ವಿಚಾರಣೆ ಮುಗಿಯುವವರೆಗೆ ತಡೆದಿಡುವುದು. ಅಂಕಿಗೆ ಎರಡೂ ಅರ್ಥ ಬೇಕು ಎಂದು ನನಗೆ ಅನಿಸುತ್ತದೆ. ಈಗ ನಮ್ಮ ಉದ್ರಿ ಪುಸ್ತಕದಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿವೆ, ಪಕ್ಕದಲ್ಲಿ ಪೆನ್ಸಿಲಿನ ಪ್ರಶ್ನೆ ಗುರುತು. ಮರುದಿನ ಕೇಳಿ ತುಂಬುತ್ತೇನೆ.