ದೂರ ಕೂರು

ನಮ್ಮಜ್ಜಿಯ ಬಾಯಲ್ಲಿ ಹೆಬ್ಬೂರಿನ ಚರಿತ್ರೆಗೆ ಎರಡೇ ಕಾಲ: ಇಲಿ ಬೀಳುವ ಮೊದಲು, ಇಲಿ ಬಿದ್ದ ಮೇಲೆ. ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಆಮೇಲೂ ಬಹಳ ವರ್ಷ ಅದು ಕರೆಯದ ನೆಂಟನಂತೆ ಬಂದುಹೋಗುತ್ತಿತ್ತು. ಸೂರಿನಿಂದ ಇಲಿ ಬಿತ್ತೆಂದರೆ ಮನೆಗೆ ಬೀಗ ಜಡಿದು, ಹೊಲದಲ್ಲಿ ಗುಡಿಸಲು ಹಾಕಿ, ಗುಡಿಸಲುಗಳ ನಡುವೆ ಬಯಲು ಬಿಟ್ಟು ಬದುಕುತ್ತಿದ್ದರಂತೆ. ರೋಗ ಬಂದಾಗ ಚೆದುರಬೇಕೆಂಬುದು ಆ ಕಾಲದವರ ವಿವೇಕ.

2020ರ ಮಾರ್ಚಿನಲ್ಲಿ ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಲಾಕ್‌ಡೌನಿನಲ್ಲಿ ಕೆಲಸವೂ ಬಸ್ಸೂ ನಿಂತು ಸಿಕ್ಕಿಬಿದ್ದ ರಾಯಚೂರು ಕಡೆಯ ಕೂಲಿ ಸಂಸಾರಗಳನ್ನು ಒಂದು ಶಾಲೆಯಲ್ಲಿ ಇಳಿಸಿದರು. ಕಾಲೇಜಿಗೆ ರಜೆಯಾದ್ದರಿಂದ ನಾನೂ ಅಕ್ಕಿ ಅಳೆಯಲು, ಹೆಸರು ಬರೆದುಕೊಳ್ಳಲು ಹೋದೆ. ಮಕ್ಕಳೆಲ್ಲ ಒಂದೇ ಕೋಣೆ, ಒಂದೇ ಜಮಖಾನ. ನೀರಿಗೆ ಒಂದೇ ಲೋಟ.

ಎಲ್ಲರೂ ಹೊಸ ರೋಗಕ್ಕೆ ಹೆದರಿದ್ದರು; ಬಂದದ್ದು ಹಳೆಯ ದಡಾರ. ಆರು ವರ್ಷದ ಹುಡುಗಿಯೊಬ್ಬಳಿಗೆ ಜ್ವರ, ಕೆಂಪುಗಣ್ಣು, ಮೈತುಂಬ ಗುಳ್ಳೆ. ನಾನು ಸೀಮೆಸುಣ್ಣದಿಂದ ಗೆರೆ ಎಳೆದು, “ದೂರ ಕೂರು ಮಗೂ” ಎಂದೆ. ಅವಳು ಸುಮ್ಮನೆ ಎದ್ದು ಹೊಸ್ತಿಲಾಚೆ, ಚಪ್ಪಲಿಗಳ ಪಕ್ಕ ಹೋಗಿ ಕುಳಿತಳು. “ನಮ್ಮೂರಾಗೂ ಹಿಂಗ ಅಂತಾರ್ರೀ” ಎಂದಳು.

ನನಗೆ ನಾಲಗೆ ಹೊರಳಲಿಲ್ಲ. ನಮ್ಮ ಹಳ್ಳಿಗಳಲ್ಲಿ ಆ ಮಾತಿಗೆ ರೋಗಕ್ಕೆ ಸಂಬಂಧವಿಲ್ಲದ ಇನ್ನೊಂದು ಅರ್ಥವುಂಟು. ಶಬ್ದಾರ್ಥ ಪಾಠ ಹೇಳಿ ಸಂಬಳ ಎಣಿಸುವ ಮೇಷ್ಟರಿಗೆ ಅದು ಹೊಳೆದಿರಲಿಲ್ಲ.

ಮಧ್ಯಾಹ್ನ ಬಂದ ನರ್ಸಮ್ಮ ನನ್ನ ಗೆರೆ ನೋಡಿ ನಕ್ಕರು. “ಇದನ್ನು ದಡಾರ ಓದೋದಿಲ್ಲ ಮೇಷ್ಟ್ರೇ. ಮಗು ಎದ್ದು ಹೋದ ಮೇಲೂ ಎರಡು ಗಂಟೆ ಅದು ಗಾಳಿಯಲ್ಲೇ ಇರುತ್ತೆ. ಗುಳ್ಳೆ ಏಳೋದಕ್ಕೆ ನಾಲ್ಕು ದಿನ ಮೊದಲೇ ಹರಡೋಕೆ ಶುರುವಾಗಿರುತ್ತೆ.” ಆಮೇಲೆ ತಾಯಂದಿರ ಕಡೆ ತಿರುಗಿ ಲಸಿಕೆಯ ಕಾರ್ಡು ಕೇಳಿದರು. “ಊರಾಗ ಐತ್ರೀ ಯಕ್ಕಾ” ಎಂಬುದೇ ಎಲ್ಲರ ಉತ್ತರ. ಕೂಲಿ ಹುಡುಕಿ ಊರೂರು ಅಲೆಯುವವರ ಮಕ್ಕಳಿಗೆ ಒಂದು ಚುಚ್ಚುಮದ್ದು ಒಂದೂರಲ್ಲಿ ಆದರೆ, ಇನ್ನೊಂದು ಯಾವ ಊರಲ್ಲೂ ಆಗಿರುವುದಿಲ್ಲ.

ಹುಡುಗಿಗೂ ತಾಯಿಗೂ ಕಿಟಕಿಯುಳ್ಳ ಬೇರೆ ಕೋಣೆ, ವಿಟಮಿನ್ ಎ ಹನಿ. ಉಳಿದ ಮಕ್ಕಳಿಗೆ ಮರುದಿನವೇ ಲಸಿಕೆ. ತಾಯಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು, ನರ್ಸಮ್ಮ ಬೇಡವೆನ್ನಲಿಲ್ಲ. ಬೇವು ಕಂಡ ಮನೆಗೆ ಯಾರೂ ನುಗ್ಗುವುದಿಲ್ಲವಲ್ಲ!

ದಿನಾ ಸಂಜೆ ನಾನು ಕಿಟಕಿಯ ಹೊರಗೆ, ಬಿಸಿಲಲ್ಲಿ ನಿಂತು ಅವಳಿಗೆ ಕಥೆ ಹೇಳಿದೆ. ದೂರವಿರಲೇಬೇಕಾದರೆ ದೂರ ನಿಲ್ಲಬೇಕಾದವನು ನಾನು, ಅವಳಲ್ಲ.

ಮೇ ತಿಂಗಳಲ್ಲಿ ಬಸ್ಸು ಸಿಕ್ಕಿತು. ಹೊರಡುವಾಗ ಅವಳ ತಾಯಿ, ಕಿರಿಮಗನ ಹೊಸ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದುಡ್ಡಿನ ಗಂಟಿನ ಜೊತೆಗೇ ಸೊಂಟಕ್ಕೆ ಸಿಕ್ಕಿಸಿಕೊಂಡಳು.