ತೊಲೆಯೊಳಗಣ ಲೇಖನಿ

ಬಯಲುಸೀಮೆಯ ಮರಗಳಿಗೆ ಕೀರ್ತಿ ಕಡಮೆ. ಮಲೆನಾಡಿನ ತೇಗ, ಬೀಟೆ, ಹೊನ್ನೆಗಳಿಗೆ ಸಂದ ಗೌರವದ ಶತಾಂಶವೂ ನಮ್ಮ ಎರೆಹೊಲದ ಬದುವಿನಲ್ಲಿ ಮುಳ್ಳು ಹೊತ್ತು ನಿಂತ ಕರಿಜಾಲಿಗಾಗಲಿ, ಹಳ್ಳದ ದಂಡೆಯ ಮುದಿಹುಣಸೆಗಾಗಲಿ, ಹನುಮಪ್ಪನ ಕಟ್ಟೆಗೆ ನೆರಳಾದ ಬೇವಿಗಾಗಲಿ ಸಂದದ್ದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಮಳೆಯನ್ನೂ ಸರಿಯಾಗಿ ಕಾಣದ ಈ ನೆಲದಲ್ಲಿ ಬೇರೂರಿ, ವೈಶಾಖದ ಉರಿಯನ್ನು ತಲೆಯ ಮೇಲೆ ಹೊತ್ತು, ರೈತನಿಗೆ ರಂಟೆಯಾಗಿ, ಕೂರಿಗೆಯಾಗಿ, ಚಕ್ಕಡಿಯ ಗುಂಬವಾಗಿ, ಗಾಣದ ಕಣೆಯಾಗಿ, ಕಟ್ಟಕಡೆಗೆ ಒಲೆಯ ಕಟ್ಟಿಗೆಯಾಗಿ ಸಂದುಹೋಗುವ ಇವುಗಳ ಕೆಚ್ಚಿನಲ್ಲಿ ಎಂತಹ ವರ್ಣವೂ ಎಂತಹ ಕಾಂತಿಯೂ ಅಡಗಿವೆಯೆಂಬುದನ್ನು ನಾನು ಕಂಡುಕೊಂಡದ್ದು ಲೇಖನಿಗಳನ್ನು ಕಡೆಯತೊಡಗಿದ ಮೇಲೆ. ಜಾಲಿಯ ಕೆಚ್ಚು ಕೆಂಪುಮಿಶ್ರಿತ ಕಂದು. ಉಳಿಯ ಬಾಯಿಗೆ ಅದು ಅಷ್ಟು ಸುಲಭದಲ್ಲಿ ಮಣಿಯದು, ಆದರೆ ಮಣಿದ ಮೇಲೆ ಅದು ಕೊಡುವ ಮೈಹೊಳಪನ್ನು ಬೇರೆ ಮರದಿಂದ ಪಡೆಯುವುದು ಕಷ್ಟ. ಹುಣಸೆಯ ಹೊರಮೈ ಅರಿಸಿನದ ನಸುಹಳದಿ. ಬಹಳ ವಯಸ್ಸಾದ ಮರದಲ್ಲಿ ಮಾತ್ರ ನಡುವೆ ಒಂದಿಷ್ಟು ಕಡುನೇರಳೆಯ ತಿರುಳು ದೊರೆಯುತ್ತದೆ, ಮತ್ತು ಆ ಎರಡು ಬಣ್ಣಗಳು ಸಂಧಿಸುವ ಎಡೆಯಿಂದ ತುಂಡನ್ನು ಕೊಯ್ದುಕೊಂಡರೆ ಒಂದೇ ಲೇಖನಿಯಲ್ಲಿ ಹಗಲಿರುಳುಗಳೆರಡೂ ಸೇರಿರುತ್ತವೆ.

ನಾನಿರುವುದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, 1963ರಲ್ಲಿ ಸ್ಥಾಪಿತವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜೇ ಮೊದಲಾದ ವಿದ್ಯಾಸಂಸ್ಥೆಗಳ ನೆರೆಯಲ್ಲಿ. ಮನೆಯ ಹಿತ್ತಿಲಿನ ತಗಡಿನ ಚಪ್ಪರದಡಿ ಒಂದು ಚಿಕ್ಕ ಲೇತ್, ಕೆಲವು ಉಳಿಗಳು, ಒಂದು ಬೈರಿಗೆ ಯಂತ್ರ, ಗೋಡೆಗೊರಗಿಸಿದ ಮರದ ತುಂಡುಗಳು: ನನ್ನ ಕಾರ್ಖಾನೆಯೆಂದರೆ ಇಷ್ಟೆ. ಆ ತುಂಡುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುವು ಕಾಡಿನಿಂದ ಬಂದುವಲ್ಲ, ಮನೆಗಳಿಂದ ಬಂದುವು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರವನ್ನೇರಿ ಹಳೆಯ ಬಾಗಲಕೋಟೆಯ ಓಣಿಗಳನ್ನು ಆಕ್ರಮಿಸುವ ಕಾಲ ಒದಗಿದಾಗ, ಜನರು ತಮ್ಮ ಮಾಳಿಗೆಮನೆಗಳನ್ನು ತಾವೇ ಕಳಚಿ ನವನಗರದ ಕಡೆಗೆ ನಡೆದರು. ಪರಿಹಾರದ ಲೆಕ್ಕ ಸರಕಾರದ ಕಡತಗಳಲ್ಲಿ ದೊರೆತೀತು. ಆದರೆ ಪಡಸಾಲೆಯ ಕಂಬ, ಜಂತಿ, ತೊಲೆ, ಕುಂಕುಮ ಬಳಿದು ಬಳಿದು ಕೆಂಪೇರಿದ ಹೊಸ್ತಿಲು, ಗಿಣಿ ಕೆತ್ತಿದ ಬಾಗಿಲವಾಡ, ಇವೆಲ್ಲ ಕಟ್ಟಿಗೆಯ ಅಡ್ಡೆಗಳಲ್ಲಿ ರಾಶಿಯಾಗಿ ಬಿದ್ದ ದೃಶ್ಯವನ್ನು ಯಾವ ಕಡತವೂ ಬರೆದಿಟ್ಟಿಲ್ಲ. ಅಂತಹ ತೊಲೆಗಳ ಮೋಟುತುಂಡುಗಳನ್ನು, ಪೀಠೋಪಕರಣಕ್ಕೆ ಸಾಲದೆಂದು ಬಡಿಗೇರರು ಬದಿಗೆ ಒಗೆದವನ್ನು, ನಾನು ಬೇಡಿ ತರುತ್ತೇನೆ.

ಹಳೆಯ ತೊಲೆಯ ತೇಗಕ್ಕಿರುವ ಮೇಲ್ಮೆ ಭಾವನೆಯ ಮಾತಷ್ಟೇ ಅಲ್ಲ. ಲೇಖನಿಯ ಒಡಲಲ್ಲಿ ಹಿತ್ತಾಳೆಯ ತೆಳುಕೊಳವೆಯೊಂದು ಇರುತ್ತದೆ. ಅದರ ಮೇಲೆ ಮರದ ಪದರವು ಎಷ್ಟೋ ಕಡೆ ಎರಡು ಮಿಲಿಮೀಟರಿಗೂ ಕಡಮೆ. ಮರವು ಮಳೆಗಾಲದ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಅದನ್ನು ಬಿಟ್ಟು ಕುಗ್ಗುತ್ತದೆ. ತೇವವಿರಲಿ ಬಿಡಲಿ, ಹಿತ್ತಾಳೆ ಮಾತ್ರ ಇದ್ದ ಅಳತೆಯಲ್ಲೇ ಇರುತ್ತದೆ. ಹಸಿಮರದಲ್ಲಿ ಮಾಡಿದ ಲೇಖನಿ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಎಳೆಯುದ್ದಕ್ಕೂ ಸೀಳಿಹೋಗುವುದು ಈ ವಿರಸದಿಂದಲೇ. ತಲೆಮಾರುಗಳ ಕಾಲ ಮಣ್ಣಿನ ಮಾಳಿಗೆಯನ್ನು ಹೊತ್ತು, ಒಲೆಯ ಹೊಗೆಯನ್ನುಂಡು, ಎಷ್ಟೋ ಋತುಗಳ ಹಿಗ್ಗು ಕುಗ್ಗುಗಳನ್ನು ಕಂಡು ದಣಿದ ತೊಲೆಯು ಆ ಚಾಂಚಲ್ಯವನ್ನು ಬಹುಮಟ್ಟಿಗೆ ತೊರೆದಿರುತ್ತದೆ. ತೇಗದಲ್ಲಿ ವರ್ಷವರ್ಷದ ಬೆಳವಣಿಗೆಯ ಬಳೆಗಳು ಸ್ಪಷ್ಟ. ನಮ್ಮ ಬೇವು ಹುಣಸೆಗಳಲ್ಲಿ ಅವು ಅಷ್ಟಾಗಿ ಕಾಣುವುದಿಲ್ಲ. ಅಂಗೈಯಗಲದ ತುಂಡಿನಲ್ಲಿ ಯಾರೂ ನೆನಪಿಟ್ಟುಕೊಳ್ಳದ ಮಳೆಗಾಲಗಳ ಸಾಲನ್ನು ಕಾಣುತ್ತ ಕುಳಿತಾಗ ಕೊಯ್ಯಲು ಕೈ ಬಾರದ ದಿನಗಳೂ ಉಂಟು.

ಕೊಯ್ಯಲೇಬೇಕಾದಾಗ ಮುಕ್ಕಾಲು ಅಂಗುಲ ಚೌಕದ, ಐದು ಅಂಗುಲ ಉದ್ದದ ಕಡ್ಡಿಯೊಂದನ್ನು ತೆಗೆದು, ಎರಡು ಭಾಗ ಮಾಡಿ, ಯಾವ ತುದಿ ಯಾವ ತುದಿಗೆ ಹೊಂದಬೇಕೆಂಬುದಕ್ಕೆ ಸೀಸದಕಡ್ಡಿಯಿಂದ ಗುರುತಿಡುತ್ತೇನೆ. ಈ ಗುರುತು ತಪ್ಪಿದರೆ ಮರದ ಗೆರೆಗಳು ನಡುವೆ ಮುರಿದಂತೆ ಕಂಡು, ಲೇಖನಿಯು ಎರಡು ಮರಗಳನ್ನು ಬಲವಂತದಿಂದ ಕೂಡಿಸಿದಂತಾಗುತ್ತದೆ. ಅನಂತರ ನಟ್ಟನಡುವೆ 7 ಮಿಲಿಮೀಟರಿನ ರಂಧ್ರ. ಇಲ್ಲಿ ಆತುರ ಸಲ್ಲದು: ಬೈರಿಗೆಯ ಮೊನೆಯನ್ನು ಮತ್ತೆ ಮತ್ತೆ ಹೊರಗೆಳೆದು ಹೊಟ್ಟನ್ನು ಚೆಲ್ಲದಿದ್ದರೆ ಒಳಗೆ ಕಾವೇರಿ ಮರ ಬಿರಿಯುತ್ತದೆ, ಜಾಲಿಯಲ್ಲಂತೂ ಖಂಡಿತವಾಗಿ. ಕೊಳವೆಯ ಮೈಯನ್ನು ಮರಳುಕಾಗದದಿಂದ ಒರಟುಮಾಡಿ ಅಂಟಿನೊಡನೆ ಒಳಸೇರಿಸಿ ಒಂದು ರಾತ್ರಿ ಹಾಗೆಯೇ ಬಿಡಬೇಕು. ಮರುದಿನ ಕಡೆಯುವ ಕೆಲಸ. ಲೇತ್ ನಿಮಿಷಕ್ಕೆ 2000 ಸುತ್ತನ್ನೂ ಮೀರಿ ತಿರುಗುತ್ತಿರುವಾಗ, ಚೌಕದ ಮೂಲೆಗಳು ಉಳಿಗೆ ತಾಗಿ ಮೊದಲು ಟಕಟಕನೆ ಒರಲಿ, ಆಮೇಲೆ ಆ ಸದ್ದು ಒಂದೇ ಸಮನೆಯ ಗುಂಯ್‍ಕಾರಕ್ಕೆ ಇಳಿಯುತ್ತದೆ. ಮೂಲೆಗಳು ಕಳೆದು ದುಂಡಾದುದನ್ನು ಕಣ್ಣಿಗಿಂತ ಮುಂಚೆ ಕಿವಿ ಅರಿಯುತ್ತದೆ. ಉಳಿ ಹರಿತವಾಗಿದ್ದು ಹಿಡಿತ ಸರಿಯಾಗಿದ್ದರೆ ಹುಡಿ ಬೀಳುವುದಿಲ್ಲ, ಉದ್ದುದ್ದನೆಯ ತೆಳು ಸುರುಳಿಗಳು ಮುಂಗೈಯ ಮೇಲೆ ಬಂದು ಬೀಳುತ್ತವೆ. ಪ್ರತಿಯೊಂದು ಮರಕ್ಕೂ ಆಗ ತನ್ನದೇ ವಾಸನೆ: ತೇಗದ್ದು ಹಳೆಯ ತೊಗಲಿನ ಎಣ್ಣೆಗಂಪು, ಬೇವಿನದು ಗಂಟಲಿನವರೆಗೂ ಇಳಿಯುವ ಕಹಿ. ತೇಗದ ಒಡಲಲ್ಲಿ ಮರಳಿನಂಥ ಸಿಲಿಕಾ ಅಂಶವಿರುವುದರಿಂದ ಅದು ಉಳಿಯ ಬಾಯನ್ನು ಬೇಗ ಮೊಂಡುಮಾಡುತ್ತದೆ. ಸಾಣೆಯ ಕಲ್ಲು ಕೈಯಳವಿನಲ್ಲಿರದೆ ತೇಗದ ಗೊಡವೆ ಬೇಡ.

ಲೇಪನದ ವಿಷಯದಲ್ಲಿ ನಾನು ನಮ್ಮ ಹೊಲಗಳಿಗೇ ಋಣಿ. ಗಾಜಿನಂತೆ ಹೊಳೆಯುವ ರಾಸಾಯನಿಕ ಲೇಪಗಳು ಪೇಟೆಯಲ್ಲಿ ಸಿಗುತ್ತವೆ, ಬಾಳಿಕೆಯೂ ಅವಕ್ಕೆ ಹೆಚ್ಚು. ಆದರೆ ಅವನ್ನು ಬಳಿದ ಮೇಲೆ ಬೆರಳಿಗೆ ಮರ ತಾಗುವುದಿಲ್ಲ, ಲೇಪ ತಾಗುತ್ತದೆ. ಅಗಸಿಯ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ತಾನಾಗಿ ಗಟ್ಟಿಗೊಳ್ಳುವ ಎಣ್ಣೆ. 150ನೆಯ ಅಂಕದ ಕಾಗದದಿಂದ 600ರವರೆಗೆ ಮೆಲ್ಲಮೆಲ್ಲನೆ ಉಜ್ಜಿ, ಆ ಎಣ್ಣೆಯನ್ನು ಅರಿವೆಯಿಂದ ತೆಳ್ಳಗೆ ತೊಡೆದು, ದಿನಗಟ್ಟಲೆ ಆರಗೊಟ್ಟು, ಕೊನೆಗೆ ಜೇನುಮೇಣದಿಂದ ತಿಕ್ಕಿದರೆ ಮರವು ತನ್ನ ಸ್ವಭಾವವನ್ನು ಬಿಡದೆ ಬೆಳಗುತ್ತದೆ. ಚನ್ನಪಟ್ಟಣದವರ ಮಾರ್ಗ ಇನ್ನೊಂದು: ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಕಾವಿನಿಂದಲೇ ಅದನ್ನು ಕರಗಿಸಿ, ಕೇದಗೆಯ ಎಲೆಯಿಂದ ಸವರಿ ಅವರು ತರುವ ನುಣುಪು ಅಸಾಧಾರಣವಾದುದು. ಅವರು ಗೊಂಬೆಗಳೊಡನೆ ಲೇಖನಿಗಳನ್ನೂ ಕಡೆಯುತ್ತಾರೆ. ದಂತವರ್ಣದ ಹಾಲೆಮರಕ್ಕೆ ಬಣ್ಣದ ಅರಗು ಒಪ್ಪುತ್ತದೆ. ಸ್ವತಃ ವರ್ಣಮಯವಾದ ನಮ್ಮ ಜಾಲಿ ಹುಣಸೆಗಳಿಗೆ ಅದು ಬೇಡ.

ಮೊಳೆ ಹೊಡೆದಿದ್ದ ತೊಲೆಯ ತುಂಡಿನಲ್ಲಿ ಕೆಲವೊಮ್ಮೆ ಮಸಿಯಂಥ ಕಪ್ಪು ಕಲೆಯೊಂದು ಗೆರೆಗಳ ಜಾಡು ಹಿಡಿದು ಹರಡಿರುತ್ತದೆ. ಅದು ಮಸಿಯಂಥದಲ್ಲ, ನಿಜವಾಗಿ ಮಸಿಯೇ. ಮರದೊಳಗಣ ಒಗರಿನ ಸತ್ತ್ವವೂ ಕಬ್ಬಿಣವೂ ತೇವದಲ್ಲಿ ಕೂಡಿದರೆ ಕಪ್ಪು ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿಯ ಒಗರಿಗೆ ಅನ್ನಭೇದಿಯನ್ನು ಬೆರೆಸಿ ಶಾಯಿ ಕಾಯಿಸುತ್ತಿದ್ದುದು ಇದೇ ತತ್ತ್ವದಿಂದ. ಜಾಲಿಯ ತೊಗಟೆಯಲ್ಲಿ ಈ ಒಗರು ಸಮೃದ್ಧವಾಗಿರುವುದರಿಂದಲೇ ತೊಗಲು ಹದಮಾಡುವವರು ಅದನ್ನು ಅರಸುತ್ತಿದ್ದರು. ಹೀಗೆ ಯಾವ ಮನೆಯಲ್ಲೋ ಯಾರೋ ತೊಟ್ಟಿಲು ತೂಗಹಾಕಲೆಂದು ಬಡಿದ ಒಂದು ಮೊಳೆಯು ತೊಲೆಯೊಳಗೆ ಗುಟ್ಟಾಗಿ ಶಾಯಿ ಕಾಯಿಸುತ್ತಿತ್ತೆಂಬುದನ್ನು ನೆನೆದಾಗ ನನಗಾಗುವ ಆನಂದ ಅಷ್ಟಿಷ್ಟಲ್ಲ. ಅಂತಹ ಕಲೆಯುಳ್ಳ ತುಂಡನ್ನು ದೋಷವೆಂದು ನಾನು ಬಿಸುಡುವುದಿಲ್ಲ. ಗಿರಾಕಿಗಳಲ್ಲಿ ರಸಿಕರಾದವರು ಅದನ್ನೇ ಆರಿಸಿಕೊಳ್ಳುತ್ತಾರೆ.

ಬರೆಹದ ವಿಷಯದಲ್ಲಿ ಈ ಸೀಮೆ ಬಡವಾದುದಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಬರೆಸಿದ 578ರ ಶಾಸನವಿದೆ. ಐಹೊಳೆಯ ಮೇಗುತಿಯ ಗೋಡೆಯಲ್ಲಿ ರವಿಕೀರ್ತಿಯು 634ರಲ್ಲಿ ಪುಲಕೇಶಿಯನ್ನು ಕೊಂಡಾಡಿದ ಪ್ರಶಸ್ತಿಯಿದೆ. ಅಕ್ಷರಗಳು ಉಳಿದಿವೆ, ಅವನ್ನು ಕೆತ್ತಿದವನ ಕೊಡತಿ ಎಂದೋ ಮಣ್ಣಾಯಿತು. ಆದರೆ ಅದೇ ಐಹೊಳೆಯ ಲಾಡಖಾನ ಗುಡಿಯ ಛಾವಣಿಯನ್ನು ನೋಡಿ: ಚಪ್ಪಡಿಗಳ ಸಂದುಗಳನ್ನು ಮುಚ್ಚಲು ಶಿಲ್ಪಿಗಳು ಕಲ್ಲನ್ನೇ ಮರದ ದಿಮ್ಮಿಯಂತೆ ಉದ್ದಕ್ಕೆ ದುಂಡಗೆ ಕಡೆದು ಹೊದಿಸಿದ್ದಾರೆ. ಕಲ್ಲಿನ ಕೆಲಸಕ್ಕೆ ಕೈಹಾಕುವ ಮುನ್ನ ಅವರ ಗುರುಪರಂಪರೆ ಮರದಲ್ಲಿ ಮನೆ ಕಟ್ಟುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ನನಗೆ ಬೇಡ. ಮುಂದೆ ವಿಜಾಪುರದಲ್ಲಿ ವಕೀಲಿ ಮಾಡುತ್ತ ಓಲೆಗರಿಗಳನ್ನು ಊರೂರು ಅಲೆದು ಕೂಡಿಸಿ, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರ ಕೈ ಎಷ್ಟು ಲೇಖನಿಗಳನ್ನು ಸವೆಯಿಸಿರಬೇಕೆಂದು ನಾನು ಆಗಾಗ ಯೋಚಿಸುತ್ತೇನೆ.

ಮುಳ್ಳಿನ ವಿಷಯದಲ್ಲಿ, ಅಂದರೆ ನಿಬ್ಬಿನ ವಿಷಯದಲ್ಲಿ, ನಾನು ಪರಾವಲಂಬಿ. ನಿಬ್ಬು, ಅದರಡಿಯ ಶಾಯಿನಾಲೆ, ರಿಫಿಲ್ಲು, ಕೊಕ್ಕೆ ಇವೆಲ್ಲ ಹೊರಗಿನಿಂದ ಬರುತ್ತವೆ. ಗಾಂಧೀಜಿಯವರ ಸ್ವದೇಶಿಯ ಕರೆಗೆ ಓಗೊಟ್ಟು ರಾಜಮಹೇಂದ್ರಿಯ ಕೆ. ವಿ. ರತ್ನಂ ಅವರು 1930ರ ದಶಕದಲ್ಲಿಯೇ ಲೇಖನಿಗಳನ್ನು ಇಲ್ಲಿಯೇ ನಿರ್ಮಿಸಿ ತೋರಿಸಿದ್ದರು. ಅವರ ಲೇಖನಿಯ ಒಡಲು ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರು, ಎಬೊನೈಟ್. ಅದು ಶಾಯಿಗೆ ಜಗ್ಗುವುದಿಲ್ಲ. ಮರಕ್ಕೆ ಆ ಶಕ್ತಿಯಿಲ್ಲ, ಶಾಯಿಯನ್ನು ಕುಡಿದುಬಿಡುತ್ತದೆ. ಆದುದರಿಂದ ಶಾಯಿಯ ಕೊಳವೆಯನ್ನು ಒಳಗೆ ಬೇರೆಯಾಗಿಯೇ ಇರಿಸಬೇಕು.

ಇನ್ನು ಮಾರಾಟ. ಹಿಂದೆ ನಮ್ಮ ಹಳ್ಳಿಗಳ ಬಡಿಗೇರನು ವರ್ಷವಿಡೀ ರಂಟೆ ಕುಂಟೆಗಳನ್ನು ಹದಗೊಳಿಸಿಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯವನ್ನು ತರುತ್ತಿದ್ದ. ಒಂದೊಂದು ಕೆಲಸಕ್ಕೆ ಒಂದೊಂದು ಬೆಲೆಯೆಂಬುದು ಅವನ ವ್ಯವಹಾರದಲ್ಲಿರಲಿಲ್ಲ. ನನಗೆ ಆ ಭಾಗ್ಯವಿಲ್ಲ, ಬೆಲೆ ಹೇಳಲೇಬೇಕು. ಹತ್ತು ರೂಪಾಯಿಗೆ ಪೆನ್ನು ಸಿಗುವಾಗ ಇದಕ್ಕೆ ನೂರಾರು ಏಕೆಂದು ಕೇಳುವವರ ಮೇಲೆ ನನಗೆ ಕೋಪವಿಲ್ಲ; ಅದು ನ್ಯಾಯವಾದ ಪ್ರಶ್ನೆ. ಮರ ಯಾವುದು, ಎಲ್ಲಿಂದ ಬಂತು, ಕೈಗೆಲಸ ಎಷ್ಟು ಹೊತ್ತಿನದು, ಹೊರಗಿನಿಂದ ಕೊಂಡ ಭಾಗಗಳು ಯಾವುವು, ಎಲ್ಲವನ್ನೂ ಬಿಚ್ಚಿ ಹೇಳುತ್ತೇನೆ. ಕೈಗೆಲಸದವನಿಗೆ ಇದಕ್ಕಿಂತ ಉತ್ತಮವಾದ ಜಾಹೀರಾತಿಲ್ಲವೆಂದು ನನ್ನ ದೃಢವಾದ ನಂಬಿಕೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಚೊಳಚಗುಡ್ಡಕ್ಕೆ ಹೋದವರು ಅಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಬಾಗಿಲುಗಳನ್ನೂ ಚೌಕಟ್ಟುಗಳನ್ನೂ ಕಂಡಿರುತ್ತಾರೆ. ಆ ಮಾರಾಟಗಾರರು ಗಿರಾಕಿಯ ಕೈಯನ್ನು ಹಿಡಿದು ಮರದ ಮೇಲೆ ಇರಿಸಿ ಆಮೇಲೆ ಮಾತಿಗೆ ತೊಡಗುತ್ತಾರೆ; ವ್ಯಾಪಾರದ ಪಾಠವನ್ನು ನಾನು ಕಲಿತದ್ದು ಅವರಿಂದ. ಲೇಖನಿಯೊಂದನ್ನು ಕೈಗೆ ಕೊಟ್ಟು ಕಾಗದವನ್ನು ಮುಂದಿಟ್ಟು ನಾನು ಸುಮ್ಮನಿರುತ್ತೇನೆ. ಹಿರಿಯರು ಮೊದಲು ‘ಶ್ರೀ’ ಎಂದು ಬರೆಯುತ್ತಾರೆ. ಕಾಲೇಜಿನ ಹುಡುಗ ಹುಡುಗಿಯರು ತಮ್ಮ ಹೆಸರನ್ನು ಬರೆದು, ಬಹುಕಾಲ ಕೀಲಿಮಣೆಯನ್ನೇ ಒತ್ತಿದ ಬೆರಳುಗಳಿಂದ ಬಂದ ಆ ಅಕ್ಷರವನ್ನು ತಾವೇ ಬೆರಗಾಗಿ ನೋಡುತ್ತಾರೆ.

ಶ್ರೀಗಂಧದ್ದು, ಬೀಟೆಯದು ಬೇಕೆಂದು ಕೇಳುವವರು ಅನೇಕರು. ಗಂಧಕ್ಕೆ ಕಾನೂನಿನ ಕಟ್ಟುಪಾಡುಗಳಿವೆ. ಬೀಟೆಯ ವಿದೇಶವ್ಯಾಪಾರವೂ 2017ರಿಂದ ಅಂತರರಾಷ್ಟ್ರೀಯ ಒಪ್ಪಂದದ ಅಂಕೆಗೊಳಗಾಗಿದೆ. ಅವು ನಿರ್ಬಾಧವಾಗಿ ದೊರೆತರೂ ನಾನು ಜಾಲಿಯನ್ನೇ ಮುಂದಿಡುತ್ತೇನೆ. ಇಳಕಲ್ಲಿನ ನೇಕಾರರೊಬ್ಬರು ಸವೆದುಹೋದ ಲಾಳಿಯೊಂದನ್ನು ತಂದು, ಮಗಳು ಪದವಿ ಪರೀಕ್ಷೆಗೆ ಕೂಡುವಳೆಂದೂ ಇದರಲ್ಲಿ ಅವಳಿಗೊಂದು ಪೆನ್ನಾಗಬೇಕೆಂದೂ ಕೇಳಿದರು. ನೂಲಿನ ನಡುವೆ ಓಡಾಡಿ, ಬೆರಳುಗಳ ಎಣ್ಣೆಯನ್ನುಂಡು ನುಣುಪಾದ ಆ ಮರಕ್ಕೆ ಬೇರೆ ಲೇಪವೇ ಬೇಕಾಗಲಿಲ್ಲ. ಅದಕ್ಕೆ ನಾನು ಬೆಲೆ ಕಟ್ಟಿದೆ, ಅವರು ಕೊಟ್ಟರು. ದುಡಿಮೆಯ ಬೆಲೆಯನ್ನು ದುಡಿಯುವವರು ಚೌಕಾಸಿಗೆ ಇಳಿಸುವುದಿಲ್ಲ.

ಕೊಂಡವರಲ್ಲಿ ನನ್ನ ಬಿನ್ನಹ ಎರಡೇ. ಲೇಖನಿಯನ್ನು ಮಕಮಲ್ಲಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ದಿನವೂ ಬರೆಯಿರಿ. ಬಿಸಿಲಲ್ಲಿ ನಿಲ್ಲಿಸಿದ ಮೋಟಾರಿನೊಳಗೆ ಬಿಟ್ಟುಹೋಗಬೇಡಿ. ಕೊಳ್ಳದವರಲ್ಲಿಯೂ ಒಂದು ಬಿನ್ನಹವುಂಟು. ನಿಮ್ಮ ಹಿತ್ತಿಲಲ್ಲಿ ಮುರಿದ ಕೂರಿಗೆಯೋ ಚಕ್ಕಡಿಯ ಗಾಲಿಯೋ ಹಳೆಯ ಮನೆಯ ತೊಲೆಯ ತುಂಡೋ ಬಿದ್ದಿದ್ದರೆ, ಒಲೆಗೆ ಹಾಕುವ ಮೊದಲು ಒಂದು ಗೇಣಿನಷ್ಟನ್ನು ಕೊಯ್ದು, ಎರಡು ತುದಿಗೂ ಮೇಣ ಬಳಿದು ನೆರಳಿನಲ್ಲಿ ಎತ್ತಿಡಿ. ನನ್ನ ಬಳಿಗೇ ತರಬೇಕೆಂದಿಲ್ಲ. ಲೇತ್ ಇರುವ ಯಾವ ಬಡಿಗೇರರಾದರೂ ಅದನ್ನು ಕಡೆದುಕೊಡಬಲ್ಲರು.